ಮನೆಯಂಗಳದ ಹಾಟ್ ಟಬ್: ವಿದ್ಯುತ್ ಜೋಡಣೆ, ನಡೆಸುವ ಖರ್ಚು

ಹಾಟ್ ಟಬ್: ನಾಲ್ಕಾರು ಜನ ಕುತ್ತಿಗೆಮಟ್ಟ ಮುಳುಗಿ ಕೂರಬಹುದಾದ ಬಿಸಿನೀರಿನ ತೊಟ್ಟಿ. ನೀರನ್ನು 38ರಿಂದ 40 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹಗಲೂ ರಾತ್ರಿ ಇಟ್ಟುಕೊಳ್ಳುವ ಹೀಟರ್, ಅದನ್ನು ಸೋಸಿ ತಿರುಗಿಸುವ ಪಂಪು, ಬೆನ್ನು ಭುಜಗಳಿಗೆ ರಭಸದಿಂದ ನೀರು ಹಾಯಿಸುವ ಜೆಟ್‌ಗಳು, ಮೇಲೊಂದು ದಪ್ಪ ಮುಚ್ಚಳ, ಇಷ್ಟು ಇದರ ಅಂಗಗಳು. ಅಮೆರಿಕ, ಕೆನಡಾಗಳಲ್ಲಿ ಹಿತ್ತಿಲಲ್ಲೋ ಮನೆಯ ಹಿಂದಿನ ಮರದ ಜಗಲಿಯ ಮೇಲೋ ಕಾಣಸಿಗುವ ಇದಕ್ಕೆ ಸ್ಪಾ ಎಂಬ ಹೆಸರೂ ಉಂಟು. ಒಂದು ಕಂಪನಿಯ ಹೆಸರೇ ಎಲ್ಲಕ್ಕೂ ಅಂಟಿಕೊಂಡು ಜಕೂಜಿ ಎನ್ನುವವರೂ ಇದ್ದಾರೆ. ಇದು ಮೈ ತೊಳೆಯುವ ಜಾಗವಲ್ಲ. ಸೋಪು, ಸೀಗೆಪುಡಿ ಹತ್ತಿರ ಸುಳಿಯುವಂತಿಲ್ಲ. ಮೈ ತೊಳೆದುಕೊಂಡೇ ಇಳಿಯಬೇಕು. ಒಮ್ಮೆ ತುಂಬಿದ ನೀರನ್ನು ಚೆಲ್ಲುವುದು ಮೂರು ನಾಲ್ಕು ತಿಂಗಳಿಗೊಮ್ಮೆ.

ಹಂಡೆಯ ನೀರನ್ನು ಕಾಯಿಸುತ್ತೇವೆ, ಮೀಯುತ್ತೇವೆ, ಮರೆಯುತ್ತೇವೆ. ಟಬ್ಬಿನ ನೀರನ್ನು ಕಾಯಿಸಿದ ಮೇಲೂ ಕಾಯುತ್ತಲೇ ಇರಬೇಕು. ಈ ಕಾವಲಿನ ಕೂಲಿಯೇ ಅದರ ಕರೆಂಟು ಬಿಲ್ಲಿನ ದೊಡ್ಡ ಪಾಲು. ಕೊಳ್ಳುವವರು ಸಾಮಾನ್ಯವಾಗಿ ಜೆಟ್‌ಗಳ ಸಂಖ್ಯೆ ಎಣಿಸುತ್ತಾರೆ, ಕುಶನ್ನಿನ ಬಣ್ಣ ನೋಡುತ್ತಾರೆ. ಮುಂದೆ ಹತ್ತು ವರ್ಷ ಬಿಲ್ಲು ಎಷ್ಟು ಬರಬೇಕೆಂದು ತೀರ್ಮಾನಿಸುವುದು ಮುಚ್ಚಳ ಮತ್ತು ಹೊರಗಿನ ಹವೆ.

ಹಿನ್ನೆಲೆ

ಇಟಲಿಯಿಂದ ಕ್ಯಾಲಿಫೋರ್ನಿಯಾಕ್ಕೆ ವಲಸೆ ಬಂದ ಜಕೂಜಿ ಸೋದರರು ಮೊದಲು ವಿಮಾನದ ಪ್ರೊಪೆಲ್ಲರ್ ಮಾಡುತ್ತಿದ್ದವರು. 1921ರಲ್ಲಿ ಅವರದೇ ವಿಮಾನವೊಂದು ಬಿದ್ದು ಒಬ್ಬ ಸೋದರ ತೀರಿಕೊಂಡ ಮೇಲೆ ವಿಮಾನದ ಉದ್ಯಮ ಬಿಟ್ಟು ನೀರಿನ ಪಂಪಿನ ಕಡೆ ಹೊರಳಿದರು. ಸೋದರರಲ್ಲಿ ಕಿರಿಯನಾದ ಕ್ಯಾಂಡಿಡೊನ ಮಗ ಕೆನೆತ್‌ಗೆ ಎಳವೆಯಲ್ಲೇ ಸಂಧಿವಾತ ಹಿಡಿಯಿತು. ಆಸ್ಪತ್ರೆಯಲ್ಲಿ ಕೊಡುತ್ತಿದ್ದ ಜಲಚಿಕಿತ್ಸೆಯನ್ನು ಮನೆಯಲ್ಲೇ ಕೊಡಲು ಸ್ನಾನದ ತೊಟ್ಟಿಯೊಳಗೆ ಇಳಿಬಿಡುವಂಥ ಪಂಪೊಂದು ತಯಾರಾಯಿತು. 1956ರಲ್ಲಿ ಅದು ಜೆ-300 ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. 1968ರಲ್ಲಿ ಅದೇ ಮನೆತನದ ರಾಯ್ ಜಕೂಜಿ, ಜೆಟ್‌ಗಳನ್ನು ತೊಟ್ಟಿಯ ಗೋಡೆಯಲ್ಲೇ ಕೂಡಿಸಿದ 'ರೋಮನ್ ಬಾತ್' ತಂದ.

ಹೆಚ್ಚುಕಡಿಮೆ ಅದೇ ಕಾಲಕ್ಕೆ ಕ್ಯಾಲಿಫೋರ್ನಿಯಾದ ಹುಡುಗರು ದ್ರಾಕ್ಷಾರಸ ತುಂಬುತ್ತಿದ್ದ ಹಳೆಯ ಮರದ ಪೀಪಾಯಿಗಳನ್ನು ತಂದು, ಬಿಸಿನೀರು ತುಂಬಿ, ಅದರೊಳಗೆ ಕೂತರು. ಇಂದಿನ ಹಾಟ್ ಟಬ್ಬಿನ ವಂಶದಲ್ಲಿ ಈ ಎರಡೂ ಮನೆತನಗಳಿವೆ: ಪಂಪು ಜಕೂಜಿಯವರ ಕಡೆಯಿಂದ, ಒಟ್ಟಿಗೆ ಕೂತು ಹರಟುವ ಗುಣ ಪೀಪಾಯಿಯ ಕಡೆಯಿಂದ. ಎಪ್ಪತ್ತರ ದಶಕದಲ್ಲಿ ಫೈಬರ್‌ಗ್ಲಾಸ್, ಅಕ್ರಿಲಿಕ್ ಬಂದು ಮರ ಹಿಂದೆ ಸರಿಯಿತು. ಹೀಟರ್, ಪಂಪು, ನಿಯಂತ್ರಣ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಅಡಗಿ ಕೂತ ಈಗಿನ ಮಾದರಿ ರೂಢಿಯಾಯಿತು. ಅತಿ ಬಿಸಿನೀರಿನಲ್ಲಿ ಕೂತು ಕೆಲವರು ಸತ್ತ ಮೇಲೆ 1979ರಿಂದೀಚೆಗೆ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 104 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 40 ಡಿಗ್ರಿ ಸೆಲ್ಸಿಯಸ್, ಮೀರಬಾರದೆಂದು ಒತ್ತಾಯಿಸುತ್ತ ಬಂದಿದೆ. ಇಂದಿಗೂ ಮನೆಯ ಟಬ್ಬುಗಳ ಥರ್ಮೋಸ್ಟಾಟ್ ನಿಲ್ಲುವುದು ಅಲ್ಲೇ. ಬಸುರಿಯರಿಗೆ ಅದೂ ಹೆಚ್ಚು.

ಎರಡು ಬಗೆಯ ಜೋಡಣೆ

ಅಮೆರಿಕದ ಮನೆಗಳ ವಿದ್ಯುತ್ ನಮ್ಮದರಂತಲ್ಲ. ನಮ್ಮಲ್ಲಿ ಒಂದು ಫೇಸ್, ಒಂದು ನ್ಯೂಟ್ರಲ್, ನಡುವೆ 230 ವೋಲ್ಟ್. ಅಲ್ಲಿ ಟ್ರಾನ್ಸ್‌ಫಾರ್ಮರಿನ ಸುರುಳಿಯ ನಟ್ಟನಡುವಿನಿಂದ ನ್ಯೂಟ್ರಲ್ ಎಳೆದು, ಎರಡು ತುದಿಗಳಿಂದ ಎರಡು ಕರೆಂಟು ತಂತಿ ತರುತ್ತಾರೆ. ಯಾವುದೇ ಒಂದು ತಂತಿಗೂ ನ್ಯೂಟ್ರಲ್‌ಗೂ ನಡುವೆ 120 ವೋಲ್ಟ್. ಎರಡು ತಂತಿಗಳ ನಡುವೆ 240. ದೀಪ, ಟೀವಿ, ಮಿಕ್ಸಿ 120ರಲ್ಲಿ ಓಡುತ್ತವೆ. ಒಲೆ, ಬಟ್ಟೆ ಒಣಗಿಸುವ ಯಂತ್ರ, ಎಸಿಯಂಥ ಭಾರಿ ಸಾಮಾನು 240ರಲ್ಲಿ. ಹಾಟ್ ಟಬ್ಬು ಎರಡೂ ಬಗೆಯಲ್ಲಿ ಸಿಗುತ್ತದೆ.

120 ವೋಲ್ಟಿನದು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿ ಓಡಿಸುವ ಜಾತಿ. 15 ಅಥವಾ 20 ಆಂಪಿಯರ್ ಸರ್ಕ್ಯೂಟ್ ಸಾಕು, ಆದರೆ ಅದರಲ್ಲಿ ಬೇರೇನೂ ಇರಬಾರದು. ಗಂಟೆಗಟ್ಟಲೆ ನಿರಂತರ ಓಡುವ ಸಾಮಾನಿಗೆ ಬ್ರೇಕರಿನ ಶೇ. 80ರಷ್ಟನ್ನು ಮಾತ್ರ ಬಳಸಬೇಕೆಂಬ ನಿಯಮ ಇರುವುದರಿಂದ 15ರಲ್ಲಿ 12 ಆಂಪಿಯರ್ ಮಾತ್ರ ಕೈಗೆ ಸಿಗುತ್ತದೆ. 120 ವೋಲ್ಟಿಗೆ 12 ಆಂಪಿಯರ್ ಎಂದರೆ 1.4 ಕಿಲೋವಾಟ್, ನಮ್ಮ ಬಚ್ಚಲ ಗೀಸರಿನ 2 ಕಿಲೋವಾಟ್‌ಗಿಂತಲೂ ಕಡಿಮೆ. ಇಷ್ಟರಲ್ಲೇ ಹೀಟರೂ ನಡೆಯಬೇಕು, ಪಂಪೂ ನಡೆಯಬೇಕು. ಹಾಗಾಗಿ ಈ ಜಾತಿಯ ಬಹುಪಾಲು ಟಬ್ಬುಗಳಲ್ಲಿ ಜೆಟ್ ಜೋರಾಗಿ ಬಿಟ್ಟ ಕೂಡಲೇ ಹೀಟರ್ ತಾನಾಗಿ ಆರುತ್ತದೆ. ಚಳಿ ಹೆಚ್ಚಿದಷ್ಟೂ ನೀರು ಬೇಗ ತಣಿಯುತ್ತ, ಬಿಸಿ ಬೇಕಾದ ಹೊತ್ತಿಗೇ ಬಿಸಿ ಕೈಕೊಡುತ್ತದೆ. ಬಾಡಿಗೆ ಮನೆಯವರಿಗೆ, ಬೆಚ್ಚಗಿನ ಊರಿನವರಿಗೆ ಇದು ಸರಿ. ಹಿಮ ಬೀಳುವ ಊರಿನಲ್ಲಿ ಇದನ್ನು ಕೊಂಡವರು ಎರಡನೆಯ ಚಳಿಗಾಲಕ್ಕೆ ಎಲೆಕ್ಟ್ರಿಷಿಯನ್ನನ ನಂಬರು ಹುಡುಕುತ್ತಾರೆ.

240 ವೋಲ್ಟಿನದರಲ್ಲಿ ಹೀಟರ್ ಸಾಮಾನ್ಯವಾಗಿ 4ರಿಂದ 5.5 ಕಿಲೋವಾಟ್. 5.5 ಕಿಲೋವಾಟ್ ಹೀಟರ್ ಒಂದೇ 23 ಆಂಪಿಯರ್ ಎಳೆಯುತ್ತದೆ. ಹತ್ತು ಹತ್ತು ಆಂಪಿಯರಿನ ಎರಡು ಪಂಪು, ದೀಪ, ನೀರು ಶುದ್ಧಿಮಾಡುವ ಓಝೋನ್ ಯಂತ್ರ ಸೇರಿದರೆ ನಲವತ್ತು ದಾಟುತ್ತದೆ. ಅದಕ್ಕೇ 50 ಆಂಪಿಯರಿನ ಪ್ರತ್ಯೇಕ ಸರ್ಕ್ಯೂಟ್ ಎಂಬುದು ಈ ಕಸುಬಿನಲ್ಲಿ ಹೆಚ್ಚುಕಡಿಮೆ ಮಾಮೂಲು ಮಾತಾಗಿದೆ. ಎಳೆಯುವ ತಂತಿ 6 ಗೇಜಿನ ತಾಮ್ರದ್ದು, ನಮ್ಮ ಲೆಕ್ಕದಲ್ಲಿ ಸುಮಾರು 13 ಚದರ ಮಿಲಿಮೀಟರ್ ದಪ್ಪ. ನಾಲ್ಕು ತಂತಿಗಳು: ಎರಡು ಕರೆಂಟಿನವು, ಒಂದು ನ್ಯೂಟ್ರಲ್, ಒಂದು ಅರ್ತ್. ನೆಲದಡಿ ಒಯ್ಯುವುದಾದರೆ ಪಿವಿಸಿ ಕೊಳವೆಯನ್ನು ಕನಿಷ್ಠ 18 ಅಂಗುಲ ಆಳದಲ್ಲಿ ಹೂಳಬೇಕು. ತಾಮ್ರದ ಬೆಲೆಯಿಂದಾಗಿ ಮುಖ್ಯ ಪ್ಯಾನೆಲ್ಲಿಗೂ ಟಬ್ಬಿಗೂ ನಡುವಿನ ಪ್ರತಿ ಅಡಿಯೂ ದುಡ್ಡು. ಟಬ್ಬನ್ನು ಅಂಗಳದ ತುದಿಯ ಮರದಡಿ ಇಡುವ ಆಸೆ ಎಷ್ಟೋ ಸಲ ಅಂದಾಜುಪಟ್ಟಿ ಕೈಗೆ ಬಂದಾಗ ಅಡುಗೆಮನೆಯ ಗೋಡೆಯ ಪಕ್ಕಕ್ಕೆ ಸರಿಯುತ್ತದೆ. ಹಳೆಯ ಮನೆಗಳಲ್ಲಿ ಇಡೀ ಮನೆಗೇ 100 ಆಂಪಿಯರ್ ಸರಬರಾಜು ಇರುತ್ತದೆ. ಒಲೆ, ಎಸಿ, ಕಾರಿನ ಚಾರ್ಜರ್ ಜೊತೆಗೆ ಟಬ್ಬೂ ಸೇರಿದರೆ ಪ್ಯಾನೆಲ್ಲನ್ನೇ 200 ಆಂಪಿಯರಿಗೆ ಬದಲಿಸಬೇಕಾಗಬಹುದು, ಆ ಖರ್ಚು ಟಬ್ಬಿನ ಜಾಹೀರಾತಿನಲ್ಲಿ ಬರುವುದಿಲ್ಲ.

ನೀರು, ಕರೆಂಟು, ಮೈ

ಒಣ ಚರ್ಮದ ತಡೆ ಒಂದು ಲಕ್ಷ ಓಮ್‌ವರೆಗೂ ಇರಬಹುದು. ನೆನೆದ ಮೈಯದು ಒಂದು ಸಾವಿರಕ್ಕೆ ಇಳಿಯುತ್ತದೆ. 120 ವೋಲ್ಟ್ ತಗುಲಿದರೆ ಆಗ ಹರಿಯುವುದು 120 ಮಿಲಿಆಂಪಿಯರ್. ಗುಂಡಿಗೆಯ ಲಯ ತಪ್ಪಲು ನೂರು ಸಾಕು. ಆದರೆ ಇದೇ ಹೊತ್ತಿಗೆ 50 ಆಂಪಿಯರಿನ ಬ್ರೇಕರ್ ಏನೂ ಆಗಿಲ್ಲವೆಂಬಂತೆ ಕೂತಿರುತ್ತದೆ. ಅದರ ಕಣ್ಣಿಗೆ ಈ 120 ಮಿಲಿಆಂಪಿಯರ್ ಲೆಕ್ಕಕ್ಕೇ ಇಲ್ಲ. ಮಾಮೂಲು ಬ್ರೇಕರ್ ತಂತಿಯನ್ನು ಕಾಯುತ್ತದೆ. ಮನುಷ್ಯನನ್ನು ಕಾಯಲು ಬೇರೆಯದೇ ಸಾಧನ ಬೇಕು.

ಅದು ಬಂದದ್ದು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜಿಯಲ್ ಅವರಿಂದ. ಕರೆಂಟು ಹಿಡಿದ ಮನುಷ್ಯ ತಾನಾಗಿ ಕೈಬಿಡಲು ಎಲ್ಲಿಯವರೆಗೆ ಶಕ್ತ ಎಂಬುದನ್ನು ಸ್ವಯಂಸೇವಕರ ಮೇಲೆ ಪ್ರಯೋಗ ಮಾಡಿ ಅಳೆದವರು ಅವರು. ಹೆಚ್ಚುಕಡಿಮೆ ಎಲ್ಲ ಗಂಡಸರೂ 9 ಮಿಲಿಆಂಪಿಯರ್‌ವರೆಗೆ, ಹೆಂಗಸರು 6ರವರೆಗೆ ಕೈ ಬಿಡಿಸಿಕೊಳ್ಳಬಲ್ಲರು ಎಂದು ಕಂಡುಬಂತು. 1961ರಲ್ಲಿ ಅವರು ರೂಪಿಸಿದ ಸೋರಿಕೆ ತಡೆ ಸ್ವಿಚ್ಚು ಅಮೆರಿಕದಲ್ಲಿ ಸುಮಾರು 5 ಮಿಲಿಆಂಪಿಯರಿಗೇ ಟ್ರಿಪ್ ಆಗುವುದಕ್ಕೆ ಈ ಲೆಕ್ಕವೇ ಕಾರಣ. ಅದರ ಕೆಲಸ ಸರಳ. ಹೋಗುವ ಕರೆಂಟು, ವಾಪಸು ಬರುವ ಕರೆಂಟು ಎರಡನ್ನೂ ಒಂದೇ ಬಳೆಯೊಳಗೆ ಹಾಯಿಸುತ್ತದೆ. ಹೋದದ್ದೆಲ್ಲ ಬಂದರೆ ಸರಿ. ಐದು ಮಿಲಿಆಂಪಿಯರ್ ಕಡಿಮೆ ಬಂದರೆ ಅದು ಬೇರೆಲ್ಲೋ, ಬಹುಶಃ ಯಾರದೋ ಮೈಮೂಲಕ, ನೆಲಕ್ಕೆ ಇಳಿಯುತ್ತಿದೆ ಎಂದು ತಿಳಿದು ಕ್ಷಣದಲ್ಲಿ ಕಡಿದುಹಾಕುತ್ತದೆ. ನಮ್ಮಲ್ಲಿ ಆರ್‌ಸಿಸಿಬಿ ಎನ್ನುವುದೂ ಇದೇ ತತ್ವದ್ದು, ಮನೆಗಳಲ್ಲಿ ಸಾಮಾನ್ಯವಾಗಿ 30 ಮಿಲಿಆಂಪಿಯರಿಗೆ ಕಡಿಯುವಂಥದ್ದು.

ಹೊಸ ಟಬ್ಬು ಜೋಡಿಸಿದ ದಿನ ಈ ಸ್ವಿಚ್ಚಿನ ಮುಂದೆ ಆಗುವ ತಪ್ಪೊಂದು ಎಷ್ಟು ಸಾಮಾನ್ಯವೆಂದರೆ ರಿಪೇರಿಯವರು ಫೋನಿನಲ್ಲೇ ಹೇಳಿಬಿಡುತ್ತಾರೆ. ಸೋರಿಕೆ ತಡೆ ಕೂಡಿದ ಈ ಬ್ರೇಕರಿನ ಹಿಂಬದಿಯಿಂದ ಬಿಳಿಯ ತಂತಿಯೊಂದು ಸುರುಳಿ ಸುತ್ತಿಕೊಂಡು ಹೊರಬಂದಿರುತ್ತದೆ. ಅದನ್ನು ಪೆಟ್ಟಿಗೆಯ ನ್ಯೂಟ್ರಲ್ ಪಟ್ಟಿಗೆ ಬಿಗಿಯಬೇಕು. ಟಬ್ಬಿನಿಂದ ಬರುವ ಬಿಳಿ ತಂತಿ ಮಾತ್ರ ಪಟ್ಟಿಗಲ್ಲ, ಬ್ರೇಕರಿನ ಮೈಮೇಲಿರುವ ನ್ಯೂಟ್ರಲ್ ತಿರುಪಿಗೆ. ಎರಡೂ ಬಿಳಿಯೇ ತಾನೆ ಎಂದು ಎರಡನ್ನೂ ಪಟ್ಟಿಗೇ ಸಿಕ್ಕಿಸಿದರೆ, 120 ವೋಲ್ಟಿನಲ್ಲಿ ಓಡುವ ಚಿಕ್ಕ ಪಂಪು ಅಥವಾ ಓಝೋನ್ ಯಂತ್ರ ಶುರುವಾದ ಕೂಡಲೇ ಅದರ ವಾಪಸು ಕರೆಂಟು ಬಳೆಯೊಳಗೆ ಬರದೆ ಹೊರಗಿನಿಂದ ಹೋಗುತ್ತದೆ. ಸ್ವಿಚ್ಚು ಅದನ್ನು ಸೋರಿಕೆಯೆಂದೇ ತಿಳಿದು ಠಪ್ಪೆಂದು ಬೀಳುತ್ತದೆ. ಟಬ್ಬು ಹಾಳೆಂದು ಅಂಗಡಿಯವನ ಜೊತೆ ಜಗಳ ಶುರುವಾಗುವುದು ಇಲ್ಲಿಂದಲೇ. ವರ್ಷಗಟ್ಟಲೆ ಸುಮ್ಮನೆ ನಡೆದ ಟಬ್ಬು ಹೀಟರ್ ಹೊತ್ತಿಕೊಂಡಾಗಲೆಲ್ಲ ಟ್ರಿಪ್ ಆಗತೊಡಗಿದರೆ ಕಥೆ ಬೇರೆ. ಕಾಯಿಲ್ಲಿನ ಲೋಹದ ಹೊದಿಕೆ ಬಿರುಕುಬಿಟ್ಟು ನೀರು ಒಳಸೇರಿದೆ ಎಂದರ್ಥ. ಆಗ ಸ್ವಿಚ್ಚು ತನ್ನ ಕೆಲಸವನ್ನೇ ಮಾಡುತ್ತಿರುತ್ತದೆ. ಅದನ್ನು ತೆಗೆದು ಮಾಮೂಲು ಬ್ರೇಕರ್ ಹಾಕಿಸುವುದು ಹೆಡ್ಡತನದ ಪರಮಾವಧಿ.

ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯ 680ನೆಯ ವಿಧಿ ಈಜುಕೊಳ, ಕಾರಂಜಿ, ಹಾಟ್ ಟಬ್ಬುಗಳಿಗೆ ಮೀಸಲು. ಅದು ಮೂರು ವರ್ಷಕ್ಕೊಮ್ಮೆ ಪರಿಷ್ಕಾರವಾಗುತ್ತದೆ. ಯಾವ ಆವೃತ್ತಿ ಎಲ್ಲಿ ಜಾರಿ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮುಖ್ಯ ಕಟ್ಟಳೆಗಳಲ್ಲಿ ಒಂದು, ಕರೆಂಟು ಕಡಿಯುವ ಸ್ವಿಚ್ಚು ಟಬ್ಬಿನಿಂದ ಕಣ್ಣಿಗೆ ಕಾಣುವಂತಿರಬೇಕು, ಆದರೆ ನೀರಿನಿಂದ ಕನಿಷ್ಠ 5 ಅಡಿ ದೂರ ಇರಬೇಕು. ರಿಪೇರಿಗೆ ಕೂತವನಿಗೆ ಸ್ವಿಚ್ಚು ಆರಿದೆಯೋ ಇಲ್ಲವೋ ಕಾಣಬೇಕು. ನೀರೊಳಗೆ ಕೂತವನ ಕೈಗೆ ಅದು ಎಟುಕಬಾರದು. ಸಾಕೆಟ್ಟುಗಳು 6 ಅಡಿಯೊಳಗೆ ಬರಬಾರದು. ತಲೆಯ ಮೇಲೆ ತೂಗುವ ಸರ್ವೀಸ್ ವೈರಿನ ಅಡಿಯಲ್ಲಿ ಟಬ್ಬು ಇಡಲು ಕೂಡ ಎತ್ತರದ ಮಿತಿ ಉಂಟು.

ಇನ್ನೊಂದು ಕಟ್ಟಳೆ ಜನರಿಗೆ ಸುಲಭವಾಗಿ ಅರ್ಥವಾಗುವುದಿಲ್ಲ: ಸಮವಿಭವ ಜೋಡಣೆ. ಟಬ್ಬಿನ ಸುತ್ತಲಿನ ಲೋಹದ ಭಾಗಗಳು, ಕಬ್ಬಿಣದ ಕಂಬಿ, ಕಾಂಕ್ರೀಟಿನೊಳಗಿನ ಸರಳು ಎಲ್ಲವನ್ನೂ 8 ಗೇಜಿನ ಗಟ್ಟಿ ತಾಮ್ರದ ತಂತಿಯಿಂದ ಒಂದಕ್ಕೊಂದು ಹೆಣೆಯಬೇಕು. ಇದು ಅರ್ತಿಂಗ್ ಅಲ್ಲ, ಕರೆಂಟನ್ನು ನೆಲಕ್ಕೆ ಕಳಿಸುವುದು ಇದರ ಗುರಿಯಲ್ಲ. ಕರೆಂಟು ತಂತಿಯ ಮೇಲೆ ಕೂತ ಕಾಗೆಗೆ ಏನೂ ಆಗುವುದಿಲ್ಲ, ಏಕೆಂದರೆ ಅದರ ಎರಡು ಕಾಲೂ ಒಂದೇ ವೋಲ್ಟೇಜಿನಲ್ಲಿವೆ. ಟಬ್ಬಿನಿಂದ ಎದ್ದು ಒಂದು ಕಾಲು ನೀರಲ್ಲಿ, ಒಂದು ಕಾಲು ನೆಲದ ಮೇಲೆ ಇಟ್ಟವನನ್ನೂ ಆ ಕಾಗೆಯ ಸ್ಥಿತಿಯಲ್ಲೇ ಇಡುವುದು ಈ ತಂತಿಯ ಉದ್ದೇಶ. ಹೊರಗೆ ನೆಲದ ಮೇಲಿಟ್ಟ, ಪ್ರಮಾಣಿತ, ಅಂಚು ಸುತ್ತಲಿನ ನೆಲದಿಂದ 28 ಅಂಗುಲಕ್ಕೂ ಎತ್ತರ ಇರುವ ಟಬ್ಬುಗಳಿಗೆ ಸುತ್ತಲ ನೆಲದ ಹೆಣಿಗೆಯಿಂದ ಈಚಿನ ಆವೃತ್ತಿಗಳಲ್ಲಿ ವಿನಾಯಿತಿ ಇದೆ.

ಬಿಲ್ಲು ಎಲ್ಲಿಂದ ಬರುತ್ತದೆ

ಒಂದು ಲೀಟರ್ ನೀರಿನ ಬಿಸಿಯನ್ನು ಒಂದು ಡಿಗ್ರಿ ಏರಿಸಲು 1.16 ವಾಟ್-ಗಂಟೆ ಬೇಕು. ಇದರಲ್ಲಿ ಯಾವ ಕಂಪನಿಯ ಜಾಣತನವೂ ನಡೆಯದು. ಐದಾರು ಜನರ ಟಬ್ಬಿನಲ್ಲಿ ಸುಮಾರು 1,400 ಲೀಟರ್ ನೀರು ಹಿಡಿಯುತ್ತದೆ. ನಲ್ಲಿಯ 15 ಡಿಗ್ರಿ ನೀರನ್ನು 39ಕ್ಕೆ ತರಲು 39 ಯೂನಿಟ್. 5.5 ಕಿಲೋವಾಟ್ ಹೀಟರಿಗೆ ಇದು ಏಳು ಗಂಟೆಯ ಕೆಲಸ, 1.5 ಕಿಲೋವಾಟಿನದು ಇಪ್ಪತ್ತಾರು ಗಂಟೆ ದುಡಿಯಬೇಕು, ನಡುವೆ ಸೋರುವ ಬಿಸಿ ಬೇರೆ. ವರ್ಷಕ್ಕೆ ನಾಲ್ಕು ಸಲ ನೀರು ಬದಲಿಸಿದರೂ ಈ ಬಾಬ್ತು 160 ಯೂನಿಟ್ ದಾಟದು. ಮೊದಲ ದಿನ ಮೀಟರು ಓಡುವುದನ್ನು ನೋಡಿ ಗಾಬರಿಯಾಗುವವರು ಇಲ್ಲಿ ಗಾಬರಿಯಾಗಬೇಕಿಲ್ಲ.

ನಿಜವಾದ ಖರ್ಚನ್ನು ಹಿಡಿಯುವ ಸೂತ್ರ ಕ್ಯಾಲಿಫೋರ್ನಿಯಾದ ಸರ್ಕಾರಿ ನಿಯಮದಲ್ಲೇ ಇದೆ. ಮನೆಬಳಕೆಯ ಟಬ್ಬು ಮುಚ್ಚಳ ಮುಚ್ಚಿ, ಯಾರೂ ಇಳಿಯದೆ, ಸುಮ್ಮನೆ ಬಿಸಿಯಾಗಿ ಕೂತಿರಲು ಎಷ್ಟು ವಾಟ್ ತಿನ್ನಬಹುದೆಂದು 2006ರಿಂದ ಅಲ್ಲಿ ಮಿತಿಯಿದೆ. 2019ರಲ್ಲಿ ಅದನ್ನು ಬಿಗಿ ಮಾಡಿದರು. ಗ್ಯಾಲನ್ನಿನಲ್ಲಿ ಅಳೆದ ಗಾತ್ರದ ಘನಮೂಲ ತೆಗೆದು, ಅದನ್ನು ವರ್ಗ ಮಾಡಿ, 3.75ರಿಂದ ಗುಣಿಸಿ, 40 ಕೂಡಬೇಕು. ನೋಡಲು ವಿಚಿತ್ರವಾದ ಲೆಕ್ಕ, ಆದರೆ ಅರ್ಥಪೂರ್ಣ. ಘನಮೂಲದ ವರ್ಗ ಎಂದರೆ ಮೈಯ ವಿಸ್ತೀರ್ಣದ ಅಳತೆ. ಬಿಸಿ ತುಂಬಿರುವುದು ಗಾತ್ರದಲ್ಲಿ, ಸೋರುವುದು ಮೈಯಿಂದ. ಟಬ್ಬಿನ ಗಾತ್ರ ಇಮ್ಮಡಿಯಾದರೆ ಸೋರಿಕೆ ಇಮ್ಮಡಿಯಾಗದೆ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚಾಗುತ್ತದೆ ಅಷ್ಟೆ. 370 ಗ್ಯಾಲನ್ನಿನ, ಅಂದರೆ ನಮ್ಮ 1,400 ಲೀಟರಿನ ಟಬ್ಬಿಗೆ ಈ ಮಿತಿ 233 ವಾಟ್. ದಿನಕ್ಕೆ 5.6 ಯೂನಿಟ್, ವರ್ಷಕ್ಕೆ 2,044.

ಹೋಲಿಕೆಗೆ ನಮ್ಮ 15 ಲೀಟರಿನ ಗೀಸರ್ ತೆಗೆದುಕೊಳ್ಳಿ. 25 ಡಿಗ್ರಿಯ ನೀರನ್ನು 60ಕ್ಕೆ ಏರಿಸಲು ಅದಕ್ಕೆ ಬೇಕಾಗುವುದು 0.6 ಯೂನಿಟ್, ಒಬ್ಬರ ಸ್ನಾನಕ್ಕೆ ಧಾರಾಳ. ಅಂದರೆ ಯಾರೊಬ್ಬರೂ ಇಳಿಯದ ದಿನವೂ ಹಾಟ್ ಟಬ್ಬು ಒಂಬತ್ತು ಜನರ ಸ್ನಾನದ ಕರೆಂಟು ಕುಡಿದು ಮುಗಿಸಿರುತ್ತದೆ.

ಈ 233 ವಾಟ್ ಲೆಕ್ಕ ಹೊರಗೆ ಸುಮಾರು 15.6 ಡಿಗ್ರಿ, ಒಳಗೆ 38.9 ಡಿಗ್ರಿ ಇದ್ದಾಗಿನದು. ಸೋರಿಕೆ ಒಳಹೊರಗಿನ ಬಿಸಿಯ ಅಂತರಕ್ಕೆ ಸರಿಸಮ ಏರುತ್ತದೆ. ಮಿನಿಯಾಪೊಲಿಸ್‌ನ ಜನವರಿಯ ಸರಾಸರಿ ಶೂನ್ಯಕ್ಕಿಂತ 9 ಡಿಗ್ರಿ ಕೆಳಗೆ. ಅಲ್ಲಿ ಅದೇ ಟಬ್ಬು ಹೆಚ್ಚುಕಡಿಮೆ ಎರಡು ಪಟ್ಟು, ದಿನಕ್ಕೆ ಹನ್ನೊಂದು ಯೂನಿಟ್ ತಿನ್ನುತ್ತದೆ. ಲಾಸ್ ಏಂಜಲೀಸಿನ ಬೇಸಗೆಯಲ್ಲಿ ಮೂರು ನಾಲ್ಕರಲ್ಲಿ ಮುಗಿಸುತ್ತದೆ. ಗಾಳಿ ಬೀಸುವ ಮೂಲೆಯಲ್ಲಿಟ್ಟರೆ ಇದೆಲ್ಲ ಮೇಲೇರುತ್ತದೆ.

ಎಲ್ಲಕ್ಕಿಂತ ದೊಡ್ಡ ಕಳ್ಳ ಆವಿ. ಆ ಬಿಸಿಯಲ್ಲಿ ಒಂದು ಲೀಟರ್ ನೀರು ಆವಿಯಾದರೆ ಹೊತ್ತೊಯ್ಯುವುದು 0.67 ಯೂನಿಟ್, ಇಡೀ ಟಬ್ಬಿನ ಬಿಸಿ 0.4 ಡಿಗ್ರಿ ಇಳಿಯಲು ಅಷ್ಟು ಸಾಕು. ತೆರೆದಿಟ್ಟ ನೀರಿನ ಮೇಲೆ ಚಳಿಗಾಳಿ ಬೀಸುತ್ತಿದ್ದರೆ ಲೀಟರುಗಳು ಲೆಕ್ಕಕ್ಕೆ ಸಿಗುವುದಿಲ್ಲ. ಮುಚ್ಚಳ ಮೊದಲು ತಡೆಯಬೇಕಾದದ್ದು ಇದನ್ನು. ಅದು ನಡುವೆ 4ರಿಂದ 5 ಅಂಗುಲ ದಪ್ಪ, ಅಂಚಿಗೆ ಬರುತ್ತ ತೆಳುವಾಗುವ ಥರ್ಮೋಕೋಲ್ ಹಲಗೆ, ಮೇಲೆ ರೆಕ್ಸಿನ್ ಹೊದಿಕೆ. ಎತ್ತಲು ಅನುಕೂಲವಾಗಲೆಂದು ನಟ್ಟನಡುವೆ ಮಡಚುತ್ತಾರೆ, ಆ ಮಡಿಕೆಯೇ ಅದರ ಮರ್ಮಸ್ಥಾನ. ರಾತ್ರಿ ಹಿಮ ಬಿದ್ದ ಬೆಳಗ್ಗೆ ಹೋಗಿ ನೋಡಿದರೆ ಮುಚ್ಚಳದ ಇಕ್ಕೆಲವೂ ಬೆಳ್ಳಗೆ ತುಂಬಿಕೊಂಡಿದ್ದು, ನಡುವಿನ ಮಡಿಕೆಯುದ್ದಕ್ಕೂ ಬೈತಲೆ ತೆಗೆದಂತೆ ಒದ್ದೆ ಗೆರೆಯೊಂದು ಹಾದಿರುತ್ತದೆ. ಅಷ್ಟೂ ಉದ್ದಕ್ಕೆ ದುಡ್ಡು ಮೇಲಕ್ಕೆ ಹೋಗಿ ಹಿಮ ಕರಗಿಸಿದೆ. ಹಿಮ ಇಡೀ ಮುಚ್ಚಳದ ಮೇಲೆ ಕರಗದೆ ಕೂತಿದ್ದರೆ ಯಜಮಾನ ನೆಮ್ಮದಿಯಿಂದ ಕಾಫಿ ಕುಡಿಯಬಹುದು. ನಾಲ್ಕೈದು ವರ್ಷಕ್ಕೆ ಒಳಪದರ ಹರಿದು ಥರ್ಮೋಕೋಲ್ ನೀರು ಕುಡಿಯುತ್ತದೆ. ಒಬ್ಬರೇ ಎತ್ತುತ್ತಿದ್ದ ಮುಚ್ಚಳಕ್ಕೆ ಇಬ್ಬರು ಬೇಕಾದ ದಿನ ಅದು ಬಿಸಿ ತಡೆಯುವುದನ್ನೂ ಬಿಟ್ಟಿದೆ ಎಂದು ತಿಳಿಯಬೇಕು.

ಪಂಪಿನ ಲೆಕ್ಕ ಅಷ್ಟು ದೊಡ್ಡದಲ್ಲ. ಎರಡು ದೊಡ್ಡ ಪಂಪನ್ನು ಅರ್ಧ ಗಂಟೆ ಪೂರ್ತಿ ಬಿಟ್ಟರೂ ಎರಡೂವರೆ ಯೂನಿಟ್ ಒಳಗೆ, ಅದರಲ್ಲೂ ಒಂದು ಪಾಲು ಬಿಸಿಯಾಗಿ ನೀರಿಗೇ ಸೇರುತ್ತದೆ. ಸೋಸುವ ಕೆಲಸಕ್ಕೆ ನಿಧಾನ ವೇಗ ಸಾಕು. ಪಂಪಿನ ವೇಗ ಅರ್ಧವಾದರೆ ಬೇಡುವ ಶಕ್ತಿ ಸಿದ್ಧಾಂತದಲ್ಲಿ ಎಂಟನೆಯ ಒಂದಕ್ಕೆ ಇಳಿಯುವುದರಿಂದಲೇ ಎರಡು ವೇಗದ ಪಂಪುಗಳು ಬಂದಿವೆ. ಜೆಟ್ಟಿಗೆ ಗಾಳಿ ಬೆರೆಸುವ ತಿರುಗುಗುಂಡಿ ಮಾತ್ರ ಲೆಕ್ಕಕ್ಕೆ ಬರುತ್ತದೆ: ಗುಳ್ಳೆ ಏಳಿಸುವ ಆ ಗಾಳಿ ಹೊರಗಿನ ತಣ್ಣನೆಯ ಗಾಳಿ.

ಎಲ್ಲ ಸೇರಿ, ವಾರಕ್ಕೆ ನಾಲ್ಕು ಸಲ ಬಳಸುವ ಮನೆಯಲ್ಲಿ ವರ್ಷಕ್ಕೆ ಸುಮಾರು 2,500 ಯೂನಿಟ್ ಎಂದಿಟ್ಟುಕೊಳ್ಳಬಹುದು. ಅಮೆರಿಕದ ಸರಾಸರಿ ಮನೆ ವರ್ಷಕ್ಕೆ ಹತ್ತೂವರೆ ಸಾವಿರ ಯೂನಿಟ್ ಬಳಸುತ್ತದೆ. ಟಬ್ಬು ಬಂದರೆ ಅದರ ಮೇಲೆ ಕಾಲು ಭಾಗ ಹೆಚ್ಚಳ. 2023ರ ರಾಷ್ಟ್ರೀಯ ಸರಾಸರಿ ದರ ಯೂನಿಟ್ಟಿಗೆ 16 ಸೆಂಟ್. ಆ ಲೆಕ್ಕದಲ್ಲಿ ವರ್ಷಕ್ಕೆ 400 ಡಾಲರು, ತಿಂಗಳಿಗೆ 33. ಜಲವಿದ್ಯುತ್ ಹೇರಳವಾಗಿರುವ ವಾಷಿಂಗ್ಟನ್ ರಾಜ್ಯದಲ್ಲಿ ಆ ವರ್ಷ ದರ 11 ಸೆಂಟಿನ ಸುತ್ತ ಇತ್ತು, ಹಾಗಾಗಿ 275 ಡಾಲರು. ಕ್ಯಾಲಿಫೋರ್ನಿಯಾದಲ್ಲಿ 30 ಸೆಂಟ್ ಹಿಡಿದರೂ 750. ಸಿಲಿಕಾನ್ ವ್ಯಾಲಿಯ ಕನ್ನಡಿಗರ ಮನೆಗಳಿಗೆ ಅನ್ವಯಿಸುವುದು ಈ ಕೊನೆಯ ಅಂಕಿ. ಅಲ್ಲಿ ಸಂಜೆ 4ರಿಂದ 9ರವರೆಗೆ ದರ ಏರುವ ಪದ್ಧತಿಯಿದೆ, ಹೀಟರಿನ ವೇಳೆಯನ್ನು ಮಧ್ಯಾಹ್ನಕ್ಕೆ ಗೊತ್ತುಮಾಡಿಕೊಂಡವರು ಗೆಲ್ಲುತ್ತಾರೆ. ಕ್ಲೋರಿನ್ ಅಥವಾ ಬ್ರೋಮಿನ್, ಫಿಲ್ಟರ್, ಐದಾರು ವರ್ಷಕ್ಕೊಂದು ಹೊಸ ಮುಚ್ಚಳ, ಇವು ಈ ಲೆಕ್ಕದಿಂದ ಹೊರಗೆ.

ಆರಿಸಿಟ್ಟರೆ ಉಳಿಯುತ್ತದೆಯೆ

ಟಬ್ಬು ಇಟ್ಟವರ ನಡುವೆ ಬಗೆಹರಿಯದ ವಾದ ಇದು. ಆರಿಸಿ ಮತ್ತೆ ಕಾಯಿಸಲು ಹೆಚ್ಚು ಕರೆಂಟು ಬೇಕು, ಸದಾ ಬಿಸಿ ಇಡುವುದೇ ಅಗ್ಗ ಎಂದು ಒಂದು ಪಕ್ಷ. ಭೌತಶಾಸ್ತ್ರ ಇವರ ಕಡೆಗಿಲ್ಲ: ನೀರು ತಣ್ಣಗಿದ್ದಷ್ಟು ಹೊತ್ತೂ ಸೋರಿಕೆ ಕಡಿಮೆ, ಆದ್ದರಿಂದ ಆರಿಸಿದರೆ ಉಳಿತಾಯ ಖಂಡಿತ. ಆದರೆ ಎಷ್ಟು? ಮೇಲಿನ ಟಬ್ಬನ್ನೇ ತೆಗೆದುಕೊಂಡರೆ, ರಾತ್ರಿ ಹನ್ನೆರಡು ಗಂಟೆ ಹೀಟರ್ ಆರಿಸಿದರೆ ನೀರು ಇಳಿಯುವುದು 1.7 ಡಿಗ್ರಿಯಷ್ಟು, ಉಳಿಯುವುದು ಯೂನಿಟ್ಟಿನ ಹತ್ತನೆಯ ಒಂದು ಭಾಗ. ಎದ್ದು ಹೋಗಿ ಗುಂಡಿ ಒತ್ತುವ ಶ್ರಮಕ್ಕೆ ಬೆಲೆಯಿಲ್ಲ. ಒಂದು ವಾರ ಊರಿಗೆ ಹೋಗುವಾಗ ಆರಿಸಿದರೆ ನೀರು 24 ಡಿಗ್ರಿಗೆ ಬಂದು ನಿಂತಿರುತ್ತದೆ, ಮತ್ತೆ ಕಾಯಿಸಿದ ಖರ್ಚು ಕಳೆದೂ 15 ಯೂನಿಟ್ ಉಳಿಯುತ್ತದೆ, ಎರಡೂವರೆ ಡಾಲರು. ಎರಡೂ ಪಕ್ಷದವರು ಇಷ್ಟು ಚಿಲ್ಲರೆಗೆ ಜಗಳವಾಡುತ್ತಿದ್ದಾರೆ ಎಂಬುದು ಲೆಕ್ಕ ಹಾಕಿದಾಗ ಗೊತ್ತಾಗುತ್ತದೆ. ಹಳೆಯ ಮುಚ್ಚಳ ಬದಲಿಸುವುದರಿಂದ ಇದಕ್ಕಿಂತ ಎಷ್ಟೋ ಹೆಚ್ಚು ಉಳಿದೀತು.

ಹಿಮದ ನಾಡಿನಲ್ಲಿ ನೀರು ತುಂಬಿದ ಟಬ್ಬನ್ನು ಪೂರ್ತಿ ಆರಿಸುವಂತೆಯೇ ಇಲ್ಲ. ಕೊಳವೆಯಲ್ಲಿ ನಿಂತ ನೀರು ಹೆಪ್ಪುಗಟ್ಟಿದರೆ ಕೊಳವೆ, ಪಂಪು, ಹೀಟರಿನ ಉರುಳೆ ಎಲ್ಲ ಸೀಳುತ್ತವೆ. ಸೆನ್ಸರಿನ ಅಳತೆ 7 ಡಿಗ್ರಿಯ ಆಸುಪಾಸಿಗೆ ಇಳಿದಾಗ ಪಂಪು ತಾನಾಗಿ ಓಡುವ ಏರ್ಪಾಡು ಇದಕ್ಕಾಗಿಯೇ ಇದೆ. ಕರೆಂಟೇ ಹೋದರೆ ಅದೂ ಇಲ್ಲ. ಆಗ ಒಳ್ಳೆಯ ಮುಚ್ಚಳವೇ ಒಂದೆರಡು ದಿನ ಕಾಪಾಡಬೇಕು.

ಖರ್ಚು ತಗ್ಗಿಸುವ ಹೊಸ ದಾರಿ ಹೀಟ್ ಪಂಪ್. ಫ್ರಿಜ್ಜಿನ ಯಂತ್ರವನ್ನೇ ತಿರುಗಿಸಿ ಇಟ್ಟಂತೆ, ಹೊರಗಿನ ಗಾಳಿಯ ಬಿಸಿಯನ್ನು ಹೆಕ್ಕಿ ನೀರಿಗೆ ತುಂಬುತ್ತದೆ. ಹವೆ ಹಿತವಾಗಿದ್ದಾಗ ಒಂದು ಯೂನಿಟ್ಟಿಗೆ ಮೂರು ನಾಲ್ಕು ಯೂನಿಟ್ಟಿನ ಬಿಸಿ ಕೊಡುತ್ತದೆ. ಚಳಿ ಹೆಚ್ಚಿದಂತೆ ಅದರ ಕೈ ಬಿಗಿಯಾಗುತ್ತ ಹೋಗುತ್ತದೆ. ಕಟ್ಟಿಗೆ ಒಲೆಯಿಂದ ಕಾಯಿಸುವ ದೇವದಾರು ಪೀಪಾಯಿಗಳೂ ಇನ್ನೂ ಬಳಕೆಯಲ್ಲಿವೆ, ಅದನ್ನು ಕೊಂಡವರು ಯೂನಿಟ್ ಲೆಕ್ಕ ಹಾಕುವವರಲ್ಲ.

ಅಮೆರಿಕದ ಹೊರಗೆ, ಕರ್ನಾಟಕದಲ್ಲಿ

ಬ್ರಿಟನ್ನಿನಲ್ಲಿ ಮನೆಗೆ 230 ವೋಲ್ಟ್ ನೇರವಾಗಿ ಬರುವುದರಿಂದ 13 ಆಂಪಿಯರ್ ಪ್ಲಗ್ಗಿನ ಟಬ್ಬೇ ಅಮೆರಿಕದ 120 ವೋಲ್ಟಿನದರ ಎರಡು ಪಟ್ಟು ಹುರುಪಿನದು. ದೊಡ್ಡವಕ್ಕೆ 32 ಆಂಪಿಯರಿನ ಪ್ರತ್ಯೇಕ ಲೈನ್, 30 ಮಿಲಿಆಂಪಿಯರಿನ ಸೋರಿಕೆ ತಡೆ. ಹೊರಗಿಟ್ಟ ಟಬ್ಬಿಗೆ ಕಂಪನಿಯ ಅರ್ತ್ ಬಿಟ್ಟು ಬೇರೆಯೇ ಅರ್ತ್ ಸರಳು ಹೂಳುವ ರೂಢಿಯೂ ಅಲ್ಲುಂಟು.

ಕರ್ನಾಟಕದಲ್ಲಿ ಹಾಟ್ ಟಬ್ಬು ಕೊಡಗು, ಚಿಕ್ಕಮಗಳೂರಿನ ರೆಸಾರ್ಟುಗಳ, ಬೆಂಗಳೂರಿನ ಕೆಲವು ವಿಲ್ಲಾಗಳ ಸಾಮಾನು. ಹವೆ ಇಲ್ಲಿ ಅನುಕೂಲ: ಬೆಂಗಳೂರಿನ ಸರಾಸರಿ 24 ಡಿಗ್ರಿ ಎಂದು ಹಿಡಿದರೆ ಅದೇ 1,400 ಲೀಟರಿನ ಟಬ್ಬಿನ ಸೋರಿಕೆ 150 ವಾಟ್, ತಿಂಗಳಿಗೆ 108 ಯೂನಿಟ್; ಬಳಕೆ ಸೇರಿ 140. ಯೂನಿಟ್ಟಿಗೆ 6 ರೂಪಾಯಿಯ ಆಸುಪಾಸಿನ ಮನೆಬಳಕೆ ದರದಲ್ಲಿ 840 ರೂಪಾಯಿ. ಕೇಳಲು ಅಗ್ಗ. ಆದರೆ ತೊಡಕಿರುವುದು ಬೇರೆಡೆ. ಎಷ್ಟೋ ಮನೆಗಳ ಮಂಜೂರಾದ ಲೋಡ್ 3ರಿಂದ 5 ಕಿಲೋವಾಟ್. ಅದರ ಮೇಲೆ 5.5ರ ಹೀಟರ್ ಮತ್ತು ಪಂಪು ಬಂದರೆ ಲೋಡ್ ಹೆಚ್ಚಿಸಿಕೊಳ್ಳಬೇಕು, ಪ್ರತಿ ಕಿಲೋವಾಟಿಗೂ ತಿಂಗಳಿಗೆ ನೂರು ರೂಪಾಯಿ ಮೀರಿದ ನಿಗದಿತ ಶುಲ್ಕ ಟಬ್ಬು ಬಳಸಿದರೂ ಬಳಸದಿದ್ದರೂ ಬೀಳುತ್ತದೆ. 2023ರಲ್ಲಿ ಬಂದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯ 200 ಯೂನಿಟ್ ಮಿತಿಯೊಳಗೆ ಇರುವ ಮನೆಗೆ ಟಬ್ಬಿನ 140 ಸೇರಿದರೆ ಮಿತಿ ದಾಟುವುದು ಬಹುತೇಕ ಖಚಿತ, ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಟಬ್ಬು ಕೊಳ್ಳುವವರು ಆ ಯೋಜನೆಯ ಲೆಕ್ಕದಲ್ಲಿ ಇರುವವರೇ ಎಂಬುದು ಬೇರೆ ಮಾತು. ಚಾವಣಿಯ ಸೋಲಾರಿನಿಂದ ತುಂಬಿಸೋಣವೆಂದರೆ ಮನೆಯ ಟ್ಯಾಂಕಿನಲ್ಲಿ 200 ಲೀಟರ್ ಇದ್ದರೆ ಹೆಚ್ಚು. ಬೋರ್‌ವೆಲ್ಲಿನ ಗಡಸು ನೀರು ತುಂಬಿದರೆ ಗೀಸರಿನ ಕಾಯಿಲ್ಲಿಗೆ ಆಗುವ ಗತಿಯೇ ಟಬ್ಬಿನ ಹೀಟರಿಗೂ, ಸುಣ್ಣದ ಕವಚ.

ಅಮೆರಿಕದಿಂದ ಊರಿಗೆ ಮರಳುವವರು ಮನೆಸಾಮಾನಿನ ಕಂಟೇನರಿನಲ್ಲಿ ಟಬ್ಬನ್ನೂ ತುಂಬಿಕೊಂಡು ಬರುವ ಮೊದಲು ಎರಡು ಸಂಗತಿ ನೋಡಬೇಕು. ಅಲ್ಲಿನ 240 ವೋಲ್ಟ್ ನಮ್ಮ 230ಕ್ಕೆ ಹತ್ತಿರವೆಂದು ಕಂಡರೂ, ಅದರೊಳಗಿನ ಚಿಕ್ಕ ಪಂಪು, ಓಝೋನ್ ಯಂತ್ರಗಳು ಒಂದು ತಂತಿ ಮತ್ತು ನ್ಯೂಟ್ರಲ್ ನಡುವಿನ 120 ವೋಲ್ಟಿಗೆ ಮಾಡಿದವು. ನಮ್ಮ ಲೈನಿನಲ್ಲಿ ಅಂಥ ನಡುವಿನ ತಂತಿಯೇ ಇಲ್ಲ; ತಪ್ಪಿ ಜೋಡಿಸಿದರೆ ಅವಕ್ಕೆ 230 ವೋಲ್ಟ್ ಬಿದ್ದು ಸುಡುತ್ತವೆ. ಇನ್ನೊಂದು, ಅಲ್ಲಿನ ಕರೆಂಟು ಸೆಕೆಂಡಿಗೆ 60 ಸಲ ಮಿಡಿಯುತ್ತದೆ, ಇಲ್ಲಿ 50. ಅಲ್ಲಿನ ಪಂಪಿನ ಮೋಟಾರ್ ಇಲ್ಲಿ ಆರನೆಯ ಒಂದು ಪಾಲು ನಿಧಾನವಾಗಿ ತಿರುಗುತ್ತದೆ, ತಿರುಗುತ್ತ ಬಿಸಿಯೇರುತ್ತದೆ. ಅದೇ ಕಂಪನಿಗಳು ಹೊರದೇಶಗಳಿಗಾಗಿ ಮಾಡುವ 50 ಹರ್ಟ್ಸ್ ಮಾದರಿಯಲ್ಲಿ ಈ ಎರಡೂ ತೊಂದರೆ ಇರುವುದಿಲ್ಲ.